ಅಕ್ಕ ಮಾತು ಕೊಟ್ಟಿದ್ದ ಗಿಂಡಿ

ಹೋದ ತಿಂಗಳು ಅರಸೀಕೆರೆಗೆ ನೆಂಟರ ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಹಿಂಬದಿಯ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದರು. ಕೈ ತೊಳೆಯಲು ಹೋದವನು ಆ ಹುಳಿ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಅದು ನನ್ನ ಅಕ್ಕನ ಅಂಗೈಯ ವಾಸನೆ. ಅನ್ನ ಕಲಸಿದರೂ, ತಲೆಗೆ ಎಣ್ಣೆ ಹಚ್ಚಿದರೂ ಅವಳ ಕೈಯಿಂದ ಅದು ಹೋಗುತ್ತಿರಲಿಲ್ಲ...

ಅಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೇಲೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹಳೆ ಪಾತ್ರೆಯ ಅಂಗಡಿ ಇಟ್ಟಿದ್ದಳು. ಹಳೆ ತಾಮ್ರ, ಹಿತ್ತಾಳೆ ತಂದವರಿಗೆ ಹೊಸ ಸ್ಟೀಲು ಕೊಡುತ್ತಿದ್ದಳು. ಬಾಯಿ ಜೋರು, ತೂಕದಲ್ಲಿ ಜಿಪುಣಿ. ಆದರೆ ಒಮ್ಮೆ ಮಾತು ಕೊಟ್ಟಳೆಂದರೆ ಮುಗಿಯಿತು. ಸುತ್ತಲಿನ ಹಳ್ಳಿಯ ಹೆಂಗಸರು ಕಷ್ಟ ಬಂದಾಗ, ‘ಆಮೇಲೆ ಬಂದು ಬಿಡಿಸ್ಕೋತೀನಿ’ ಎಂದು ಬರೀ ಬಾಯಿಮಾತಿನಲ್ಲಿ ಅವಳ ಹತ್ತಿರ ಪಾತ್ರೆ ಇಟ್ಟು ಹೋಗುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅವಳ ಅಂಗಡಿಯಲ್ಲೇ ಬೆಳೆದೆ.

ಮೊಬೈಲಿನಲ್ಲಿ ಹರಾಜು ಹಾಕುವುದನ್ನು ನಾನು ಕಲಿತದ್ದು ಹಳೇಬೀಡಿನ ಸ್ನೇಹಿತನೊಬ್ಬನಿಂದ. ಫೋಟೋ ತೆಗೆದು, ಮೇಲೊಂದು ತಲೆಬರಹ ಬರೆದು ಹಾಕಿದರೆ ಕಾಣದ ಊರಿನವರು ಬೆಲೆ ಕೂಗುತ್ತಾರೆ. ಎಲ್ಲವೂ ಆ ತಲೆಬರಹದ ಮೇಲೆಯೇ ನಿಂತಿದೆ ಎಂದು ಅವನು ಹೇಳಿಕೊಟ್ಟಿದ್ದ. ಜನ ಹುಡುಕುವ ಪದ ಅದರಲ್ಲಿ ಇರಬೇಕು, ಇಲ್ಲದಿದ್ದರೆ ಪಾತ್ರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಇಂಗ್ಲಿಷ್ ಬಾರದು. ಬೇರೆಯವರು ಬರೆದದ್ದನ್ನು ನೋಡಿ ಆಂಟಿಕ್, ರೇರ್, ಟೆಂಪಲ್ ಎಂಬ ಪದಗಳನ್ನು ಜೋಡಿಸಿಕೊಂಡೆ. ಯಾವ ಚೊಂಬು ಬಂದರೂ ಮುಂದೆ ಹೊಯ್ಸಳ ಎಂದು ಸೇರಿಸುತ್ತಿದ್ದೆ.

ಅದೇನು ಬರೆದಿದ್ದೀಯ ಎಂದು ಅಕ್ಕ ಒಂದು ದಿನ ಓದಿಸಿ ಕೇಳಿ, ಗಲ್ಲಿಗೇ ಕೇಳುವಂತೆ ನಕ್ಕಳು.

“ಏನ್ಲಾ, ಹೊಯ್ಸಳ ರಾಜ ನಮ್ಮನೆ ಚೊಂಬ್ನಲ್ಲಿ ನೀರ್ ಕುಡ್ದು ಹೋಗಿದ್ನಾ? ಪಕ್ಕದ್ಮನೆ ತಿಮ್ಮಕ್ಕ ದನಕ್ಕೆ ಔಷ್ದಿ ಕುಡಿಸ್ತಿದ್ ಚೊಂಬು ಕಣೋ ಅದು!”

ಅವಳ ಪ್ರಕಾರ ತಲೆಬರಹ ಬೇರೆ ಥರ ಇರಬೇಕಿತ್ತು. ಏನು ಪಾತ್ರೆ, ಯಾವ ಲೋಹ, ಎಷ್ಟು ಹಿಡಿಯುತ್ತದೆ, ಎಲ್ಲಿ ಪೆಟ್ಟಾಗಿದೆ. ಮೇಲೆ ಹೆಸರು ಕೊರೆದಿದ್ದರೆ ಆ ಹೆಸರು, ಊರು. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸುತ್ತಾರಲ್ಲ, ಅದು. “ಅವರ ಮೊಮ್ಮಕ್ಕಳು ಎಲ್ಲಾದ್ರೂ ಕೂತು ಹುಡುಕಿದ್ರೆ ಸಿಗ್ಬೇಕಲ್ವೇನೋ” ಎನ್ನುತ್ತಿದ್ದಳು. ಹೆಸರಿದ್ದರೆ ಗೀಚಿದ ಮಾಲು ಎಂದು ಬೆಲೆ ಇಳಿಯುತ್ತದೆ ಎಂದು ನಾನು ವಾದಿಸುತ್ತಿದ್ದೆ. ಫೋಟೋದಲ್ಲಿ ಹೆಸರಿನ ಕಡೆಯನ್ನು ಗೋಡೆಗೆ ತಿರುಗಿಸುತ್ತಿದ್ದೆ.

ಆ ವರ್ಷ ಗೆಂಡೆಹಳ್ಳಿಯ ಹೆಂಗಸೊಬ್ಬರು ಗಂಡನ ಆಸ್ಪತ್ರೆ ಖರ್ಚಿಗೆಂದು ಒಂದು ಹಿತ್ತಾಳೆ ಗಿಂಡಿ ತಂದಿಟ್ಟರು. ಅದು ಅವರ ಮನೆಯ ಧಾರೆಯ ಗಿಂಡಿ. ಅವರ ತಾಯಿಗೂ ಅವರಿಗೂ ಅದರಿಂದಲೇ ಧಾರೆ ಎರೆದಿದ್ದರು. ಕಂಠದ ಸುತ್ತ ‘ಪುಟ್ಟತಾಯಮ್ಮ, ಗೆಂಡೆಹಳ್ಳಿ’ ಎಂದು ಕೊರೆದಿತ್ತು. ಮಗಳ ಮದುವೆಯ ಮುಂಚೆ ಬಿಡಿಸಿಕೊಳ್ಳುತ್ತೇನೆ ಎಂದರು. ಅಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಲಿನ ಹಲಗೆಯ ಮೇಲಿಟ್ಟು, “ಎಲ್ಲೂ ಹೋಗಲ್ಲ, ಹೋಗವ್ವ” ಎಂದು ಕಳಿಸಿದಳು.

ಆಮೇಲೆ ಅಕ್ಕ ಚಿಕ್ಕಮ್ಮನ ಮಗಳ ಬಾಣಂತನಕ್ಕೆಂದು ಅರೇಹಳ್ಳಿಗೆ ಹೋದಳು. ನನಗೆ ಆಗ ದುಡ್ಡಿನ ಅಡಚಣೆಯೇನೂ ಇರಲಿಲ್ಲ. ನನ್ನ ತಲೆಬರಹಕ್ಕೆ ಎಷ್ಟು ಶಕ್ತಿ ಇದೆ ಎಂದು ಅವಳಿಗೆ ತೋರಿಸಬೇಕಿತ್ತು, ಅಷ್ಟೇ. ಅಂಗಡಿಯಲ್ಲಿ ಇದ್ದದ್ದರಲ್ಲಿ ಚೆಲುವಾದದ್ದು ಆ ಗಿಂಡಿ. ಹೆಸರನ್ನು ಗೋಡೆಗೆ ತಿರುಗಿಸಿ ಫೋಟೋ ತೆಗೆದೆ. ಗಿಂಡಿ ಎಂದು ಕೂಡ ಬರೆಯಲಿಲ್ಲ. ಆಂಟಿಕ್ ರೇರ್ ಬ್ರಾಸ್ ಟೆಂಪಲ್ ಪಾಟ್ ಹೊಯ್ಸಳ ಹಳೇಬೀಡು ಎಂದು ಬರೆದೆ. ಬೆಲೆ ಏರುತ್ತಲೇ ಹೋಯಿತು. ಆ ಹೆಂಗಸಿಗೆ ಇಂಥದ್ದೇ ಇನ್ನೊಂದು ಹುಡುಕಿ ಕೊಟ್ಟರಾಯಿತು ಎಂದುಕೊಂಡು ಪಾರ್ಸೆಲ್ ಕಟ್ಟಿದೆ.

ಅಕ್ಕ ಬಂದವಳು ಮೊದಲು ನೋಡಿದ್ದೇ ಆ ಹಲಗೆಯನ್ನು. ಅವರೇ ಬಂದು ಬಿಡಿಸಿಕೊಂಡು ಹೋದರು ಎಂದುಬಿಟ್ಟೆ. “ನೋಡ್ದಾ, ಬಂದೇ ಬರ್ತಾರೆ ಅಂತ ನಾನ್ ಹೇಳ್ಲಿಲ್ವಾ” ಎಂದು ಅವಳ ಮುಖ ಅರಳಿತು. ಆ ಮುಖ ಈಗಲೂ...

ಗೆಂಡೆಹಳ್ಳಿಯ ಆ ಹೆಂಗಸು ಅರಿಸಿನ ಹಚ್ಚಿದ ಲಗ್ನಪತ್ರಿಕೆ ಹಿಡಿದು ಬಂದಾಗ ನಾವಿಬ್ಬರೂ ಅಂಗಡಿಯಲ್ಲೇ ಇದ್ದೆವು. “ದುಡ್ಡು ತಂದೀನಿ ಕಣಕ್ಕಾ. ಗಿಂಡಿ ಕೊಡು, ನಾಡಿದ್ದೇ ಧಾರೆ” ಎಂದರು. ಅಕ್ಕ ಒಂದೇ ಸಲ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು.

“ನಾನೇ ಕಣವ್ವ, ಮರ್ತು ಮಾರ್ಬಿಟ್ಟೆ” ಎಂದಳು ಅಕ್ಕ. “ತಪ್ಪು ನಂದು.”

ಆ ಹೆಂಗಸು ಹೊಸ್ತಿಲ ಮೇಲೆ ಕುಸಿದು ಕೂತರು. ಅಕ್ಕ ಒಳಗೆ ಹೋಗಿ ಟ್ರಂಕು ತೆಗೆದು ತನ್ನ ಮದುವೆಯ ಧಾರೆಯ ಗಿಂಡಿಯನ್ನೇ ತಂದಳು. ಮುಂದೆ ಚಾಚಿದ ಕೈ ಅರ್ಧಕ್ಕೇ ನಿಂತಿತು. ಆ ಹೆಂಗಸು ಅಕ್ಕನ ಬರಿಯ ಹಣೆಯನ್ನು ನೋಡಿ ಕಣ್ಣು ಕೆಳಗೆ ಹಾಕಿದ್ದರು. ಗಂಡ ಸತ್ತವಳ ಗಿಂಡಿಯಲ್ಲಿ ಯಾವ ತಾಯಿ ಮಗಳಿಗೆ ಧಾರೆ ಎರೆಸುತ್ತಾಳೆ? ಅಕ್ಕ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.

ಕೊಂಡವನಿಗೆ ಬರೆದು ಕೇಳಿದೆ. ಅವನು ಅದನ್ನು ಆಗಲೇ ಬೇರೆಯವರಿಗೆ ಮಾರಿದ್ದ. ಯಾರಿಗೆ ಎಂದು ಹೇಳಲಿಲ್ಲ. ಮತ್ತೆ ಹರಾಜಿಗೆ ಬಂದಿರಬಹುದು, ಹೆಸರು ಹಾಕಿ ಹುಡುಕು ಎಂದಳು ಅಕ್ಕ. ಪುಟ್ಟತಾಯಮ್ಮ ಎಂದು ಹಾಕಿದೆ. ಒಂದೂ ಬರಲಿಲ್ಲ. ಬರುವುದಾದರೂ ಹೇಗೆ, ಆ ಹೆಸರನ್ನು ಮೊದಲು ಮರೆಮಾಡಿದವನು ನಾನೇ. ಕೊನೆಗೆ ನನ್ನ ತಲೆಬರಹವನ್ನೇ ಹಾಕಿದೆ. ಆಂಟಿಕ್ ರೇರ್ ಟೆಂಪಲ್ ಪಾಟ್‌ಗಳು ಸಾಲು ಸಾಲಾಗಿ ಬಂದವು, ಎಳೆದಷ್ಟೂ ಮುಗಿಯಲಿಲ್ಲ. ಎಲ್ಲವೂ ಹೊಯ್ಸಳರವು, ಎಲ್ಲವೂ ಅಪರೂಪದವು.

ಅಕ್ಕ ಕನ್ನಡಕ ಸರಿಮಾಡಿಕೊಂಡು ನೋಡುತ್ತಲೇ ಇದ್ದಳು. “ಇದ್ರಲ್ಲಿ ನಮ್ದು ಯಾವ್ದೋ?” ಎಂದಳು.

ಮದುವೆ ಹೊಸ ಗಿಂಡಿಯಲ್ಲಿ ನಡೆಯಿತು. ಅಕ್ಕನ ಮೇಲಿನ ನಂಬಿಕೆಯಿಂದ ಪಾತ್ರೆ ಇಟ್ಟುಹೋಗುವವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಯಾಕೆ ನಿನ್ನ ಮೇಲೆ ಹಾಕಿಕೊಂಡೆ ಎಂದು ಒಮ್ಮೆ ಕೇಳಿದ್ದೆ. “ಮಾರಿದ್ದು ನೀನ್ ಅಂದಿದ್ರೆ, ನಾನ್ ಹೋದ್ಮೇಲೆ ನಿಂಗ್ಯಾರು ಪಾತ್ರೆ ಕೊಡ್ತಾರ್ಲಾ?” ಎಂದು ಎದ್ದು ಹೋದಳು. ಒಂದು ಮಾತೂ ಬೈಯಲಿಲ್ಲ. ಆದರೆ ಆಮೇಲೆ ನನ್ನ ತಲೆಬರಹ ಓದಿಸಿ ಕೇಳಲೂ ಇಲ್ಲ, ನಗಲೂ ಇಲ್ಲ. ಹೋದ ವರ್ಷ ಎದೆನೋವು ಬಂದು, ಆಸ್ಪತ್ರೆ ಸೇರುವ ಮೊದಲೇ ತೀರಿಕೊಂಡಳು. ಊರಿನವರ ಲೆಕ್ಕದಲ್ಲಿ ಗಿಂಡಿ ಮಾರಿಕೊಂಡವಳು ಅವಳೇ.

ಈಗ ಅಂಗಡಿ ನನ್ನದು. ಪೆಟ್ಟನ್ನೂ ಬೆಸುಗೆಯನ್ನೂ ತಲೆಬರಹದಲ್ಲೇ ಬರೆಯುತ್ತೇನೆ, ಕೊರೆದ ಹೆಸರನ್ನು ಮೊದಲು ಬರೆಯುತ್ತೇನೆ. ಕೂಗುವವರು ಕಡಿಮೆ, ಮಾಲು ವಾಪಸ್ ಬರುವುದೂ ಕಡಿಮೆ. ಇದನ್ನು ಅವಳಿಗೆ ಓದಿ ಹೇಳುವ ಹಾಗಿಲ್ಲ.

ಅರಸೀಕೆರೆಯಿಂದ ಬಂದ ವಾರವೇ ಗೆಂಡೆಹಳ್ಳಿಗೆ ಹೋದೆ. ಗಿಂಡಿ ಇಟ್ಟಿದ್ದ ಆಕೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಆಕೆಯ ಕೈ ಮಾತ್ರ ನಿಂತಿತು.

“ಮದ್ವೆ ಆದ್ಮೇಲೆ ಒಂದಿನ ಬೇಲೂರ್ ಬಸ್‌ಸ್ಟ್ಯಾಂಡ್ನಲ್ಲಿ ನಿಮ್ಮಕ್ಕ ಎದುರಿಗ್ ಬಂದ್ಲು. ಮಗ್ಳು ಚೆನ್ನಾಗವ್ಳಾ ಅಂತ ಕೇಳಿದ್ಲು. ನಾನು ಮಾತಾಡ್ದೆ ಬಸ್ ಹತ್ಬಿಟ್ಟೆ ಕಣಪ್ಪ.”

ಸುಲಿದ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, “ನೀನೇನೋ ನನ್ ತಾವ ಬಂದು ಹೇಳ್ಕೊಂಡೆ. ನಾನ್ ಯಾರ್ ತಾವ ಹೋಗ್ಲಿ?” ಎಂದರು.

ನಾನು ಅವರ ಮುಂದಿನ ಅವರೆಕಾಯಿ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದೆ. ಕೊನೆಗೆ, ಬಸ್ಸಿನ ಹೊತ್ತಾಯಿತು ಎಂದು ನಾನೇ ಎದ್ದೆ.