ನನ್ನ ಪ್ರಾಜೆಕ್ಟಿನ ಎರಡನೇ ಡಿಸ್‌ಪ್ಲೇ

"ಒಂದೇ ಗೇರ್ ತೋರಸ್ಲಿಕ್ಕ ಎರಡು ಡಿಸ್‌ಪ್ಲೇ ಯಾಕ ಬೇಕ್ರಿ? ಹಿಂದಿಂದು ತಗೀರಿ."

ನಿನ್ನೆ ಬೀದರಿನ ನಮ್ಮ ಕಾಲೇಜಿನಲ್ಲಿ ಡಿಪ್ಲೊಮಾ ಪ್ರಾಜೆಕ್ಟ್ ನೋಡಲು ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಸರ್ ಹೀಗಂದರು. ನನ್ನ ಮುಖ ಕೂಡ ನೋಡಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಿಂದಕ್ಕೆ ಮುಖ ಮಾಡಿದ ಆ ಡಿಸ್‌ಪ್ಲೇ ಯಾಕೆ ಬೇಕು ಅಂತ ಹೇಳಬೇಕಾದರೆ ಮಾಣಿಕಪ್ಪ ಮಾಮಾನ ಕಾಲಿನಿಂದಲೇ ಶುರು ಮಾಡಬೇಕು.

ನಮ್ಮ ಕಾಕಾ ಠಾಣಾ ಕುಶನೂರಿನಿಂದ ತೊಗರಿ, ಸೋಯಾ ಚೀಲ ಹೇರಿಕೊಂಡು ಬೀದರಿನ ಧಾನ್ಯ ಮಾರುಕಟ್ಟೆ ಗಾಂಧಿ ಗಂಜಿಗೆ ಟೆಂಪೋ ಓಡಿಸುತ್ತಾರೆ. ಮಾಣಿಕಪ್ಪ ಮಾಮಾ ಗಂಜಿನಲ್ಲಿ ಹಮಾಲಿ. ರಕ್ತಸಂಬಂಧ ಏನಿಲ್ಲ, ಆದರೆ ಚಿಕ್ಕವಳಿದ್ದಾಗ ನಾನು ಅಲ್ಲಿಗೆ ಹೋದರೆ ಚೀಲದ ಮೇಲೆ ಕೂರಿಸಿ ಪೇರಲ ಹಣ್ಣು ಕೊಡುತ್ತಿದ್ದವರು.

ಕಾಕಾನ ಟೆಂಪೋ ಹಳೆಯದು. ಗೇರ್ ಲಿವರ್ ಸವೆದು ಸವೆದು ಸಡಿಲಾಗಿದೆ. ಒಂದನೇ ಗೇರೂ ರಿವರ್ಸೂ ಪಕ್ಕಪಕ್ಕ. ಯಾವುದು ಬಿದ್ದಿದೆ ಅಂತ ಕೈಗೆ ಗೊತ್ತೇ ಆಗುವುದಿಲ್ಲ.

ಹೋದ ಸುಗ್ಗಿಯಲ್ಲಿ ಒಂದು ದಿನ ಕಾಕಾ ಒಂದನೇ ಗೇರ್ ಹಾಕಿದೆ ಅಂದುಕೊಂಡು ಕ್ಲಚ್ ಬಿಟ್ಟರು. ಟೆಂಪೋ ಹಿಂದಕ್ಕೆ ಹೋಯಿತು...

ಹಿಂದೆ ಚೀಲ ಹೊತ್ತು ನಿಂತಿದ್ದ ಮಾಣಿಕಪ್ಪ ಮಾಮಾನ ಎಡಗಾಲಿನ ಎರಡು ಬೆರಳು ಗಾಲಿಯ ಕೆಳಗೆ ನುಜ್ಜುಗುಜ್ಜಾದವು.

ಕಾಕಾ ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. "ನನ್ನ ಕೈಯಾರ ಆಯ್ತಲ್ಲವ್ವ" ಅನ್ನುತ್ತಿದ್ದರು. ಆಗಲೇ ನಾನು ನಿರ್ಧಾರ ಮಾಡಿದ್ದು, ನನ್ನ ಪ್ರಾಜೆಕ್ಟ್ ಇದೇ ಅಂತ.

ಸರ್ಕ್ಯೂಟ್ ಸಿಂಪಲ್. ಪ್ರತಿ ಗೇರ್ ಬೀಳುವ ಜಾಗದಲ್ಲಿ ಒಂದೊಂದು ಸಣ್ಣ ಸ್ವಿಚ್. ಲಿವರ್ ಬಂದು ಒತ್ತಿದರೆ ಒಂದು ಐಸಿ ಚಿಪ್ ಅದನ್ನು ಅಂಕಿ ಮಾಡಿ ತೋರಿಸುತ್ತದೆ. ನ್ಯೂಟ್ರಲ್‌ಗೆ ಸೊನ್ನೆ, ರಿವರ್ಸ್‌ಗೆ ಕೆಂಪು R.

ಮೊದಲು ಸ್ಟೇರಿಂಗ್ ಪಕ್ಕದಲ್ಲಿ ಒಂದೇ ಒಂದು ಡಿಸ್‌ಪ್ಲೇ ಹಾಕಿದ್ದೆ. ಬಹಳ ಖುಷಿಯಿಂದ ಮಾಣಿಕಪ್ಪ ಮಾಮಾನನ್ನು ಕರೆದು ತೋರಿಸಿದೆ. ಕುಂಟುತ್ತಾ ಬಂದು ಒಳಗೆ ಇಣುಕಿ ನೋಡಿದರು.

"ಚಂದ ಅದ ಅವ್ವಾ. ಆದ್ರ ನಿಮ್ಮ ಕಾಕಾನ ಕಾಲು ಒಳಗಿರ್ತಾವ. ಗಾಲಿ ಬಾಜೂಕ ಇರೋದು ನಮ್ಮ ಕಾಲು. ನಮಗ ಯಾರು ತೋರಸ್ತಾರ?"

ನನಗೆ ನಾಚಿಕೆಯಾಯಿತು. ಕಾಲಿಗೆ ಪೆಟ್ಟಾದವರನ್ನೇ ಬಿಟ್ಟು ಉಳಿದದ್ದೆಲ್ಲ ಯೋಚಿಸಿದ್ದೆ ನಾನು.

ಗಾಡಿಗೆ ರಿವರ್ಸ್ ಲೈಟ್ ಇರುವುದಿಲ್ಲವಾ ಅಂತ ನೀವು ಕೇಳಬಹುದು. ಇರುತ್ತದೆ. ಆದರೆ ಗಂಜಿನಲ್ಲಿ ಗಾಡಿಯನ್ನು ಅಂಗಡಿ ಕಟ್ಟೆಗೆ ಒತ್ತಿ ನಿಲ್ಲಿಸಿದ ಮೇಲೆ ಹಿಂದಿನ ಬಾಗಿಲು ಬಿಚ್ಚಲು ಜಾಗವೇ ಇರುವುದಿಲ್ಲ. ಹಾಗಾಗಿ ಎಲ್ಲರೂ ಮೊದಲೇ ಬಾಗಿಲು ಕೆಳಗೆ ಬಿಟ್ಟು, ಆಮೇಲೆ ರಿವರ್ಸ್ ತಗೋತಾರೆ. ಜೋತುಬಿದ್ದ ಆ ಬಾಗಿಲು ಲೈಟನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಅದಕ್ಕೇ ಎರಡನೇ ಡಿಸ್‌ಪ್ಲೇ. ಎಲ್ಇಡಿ ಪಟ್ಟಿಯಲ್ಲಿ ದೊಡ್ಡದಾಗಿ ಮಾಡಿ, ಕ್ಯಾಬಿನ್ ಮೇಲಿನ ಕ್ಯಾರಿಯರ್‌ಗೆ, ಹಿಂದೆ ಇರುವವರಿಗೆ ಕಾಣುವ ಹಾಗೆ ಕಟ್ಟಿದೆ.

ಇದಿಷ್ಟನ್ನೂ ನಿನ್ನೆ ಆ ಸರ್‌ಗೆ ಹೇಳಲು ಶುರು ಮಾಡಿದೆ. ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದರು.

"ನೀವೇ ಮಾಡೀರೋ, ಮನ್ಯಾಗ ಯಾರರೆ ಮಾಡಿ ಕೊಟ್ಟಾರೋ?"

ಸೋಲ್ಡರಿಂಗ್‌ನಿಂದ ಸುಟ್ಟ ಬೆರಳನ್ನು ಅವರ ಮುಂದೆ ಹಿಡಿಯಬೇಕು ಅನ್ನಿಸಿತು. ಪಕ್ಕದ ಟೇಬಲ್ಲಿನ ಹುಡುಗರನ್ನು ಯಾಕೆ ಈ ಪ್ರಶ್ನೆ ಕೇಳಲಿಲ್ಲ?

ಆಮೇಲೆ ಸಲಹೆ ಬೇರೆ. ಹಿಂದಿನದು ತೆಗೆದು ಮೊಬೈಲ್ ಆ್ಯಪ್ ಮಾಡಬೇಕಂತೆ. ಬ್ಲೂಟೂತ್‌ನಲ್ಲಿ ಎಲ್ಲರಿಗೂ ಕಾಣುತ್ತದಂತೆ!

ಬೆನ್ನ ಮೇಲೆ ತೊಗರಿ ಚೀಲ, ಎರಡೂ ಕೈ ಚೀಲದ ತುದಿ ಹಿಡಿದಿವೆ. ಮಾಣಿಕಪ್ಪ ಮಾಮಾ ಮೊಬೈಲನ್ನು ಯಾವ ಕೈಯಲ್ಲಿ ಹಿಡಿಯಬೇಕು ಸ್ವಾಮಿ?

ಕೇಳಬೇಕಾದ ಪ್ರಶ್ನೆ, ವೈರ್ ಕಿತ್ತರೆ ಏನಾಗುತ್ತದೆ ಅಂತ, ಅದನ್ನು ಮಾತ್ರ ಕೇಳಲಿಲ್ಲ. ಒಂದು ಸಲ ಔರಾದ ರಸ್ತೆಯ ಗುಂಡಿಗೆ ವೈರ್ ಕಿತ್ತು, ಗಾಡಿ ಮೂರನೇ ಗೇರಲ್ಲಿ ಓಡುತ್ತಿದ್ದರೂ ಡಿಸ್‌ಪ್ಲೇ ಸೊನ್ನೆ ತೋರಿಸಿತ್ತು. ಯಾವ ಸ್ವಿಚ್ಚೂ ಒತ್ತದಿದ್ದರೆ ಸೊನ್ನೆ ಅಂತ ಮಾಡಿದ್ದೆ, ನನ್ನ ದೊಡ್ಡ ತಪ್ಪು ಅದು. ಆಮೇಲೆ ಸೊನ್ನೆಗೂ ಬೇರೆ ಸ್ವಿಚ್ ಹಾಕಿದೆ. ಈಗ ವೈರ್ ಕಿತ್ತರೆ ಅಂಕಿ ಬರುವುದಿಲ್ಲ, ಖಾಲಿಯಾಗುತ್ತದೆ. ಇದನ್ನು ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ.

ಪಕ್ಕದಲ್ಲಿದ್ದ ನನ್ನ ಪ್ರಾಜೆಕ್ಟ್ ಗೈಡ್ ಮೇಡಂ ಹೂಂ ಅಂದುಬಿಡು ಅಂತ ಕಣ್ಸನ್ನೆ ಮಾಡಿದರು. ನನಗೆ ಆಗಲಿಲ್ಲ.

"ತಗಿಯಂಗಿಲ್ರಿ ಸರ್" ಅಂದೆ.

ಸರ್ ರಿಪೋರ್ಟಿನ ಮೇಲೆ "ಎರಡನೆಯದು ಅನಗತ್ಯ" ಅಂತ ಬರೆದು ಮುಂದಿನ ಟೇಬಲ್ಲಿಗೆ ಹೋದರು. ಮಾರ್ಕ್ಸ್ ಎಷ್ಟು ಹೋಗುತ್ತೋ ಗೊತ್ತಿಲ್ಲ. ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಇವತ್ತು ಬೆಳಿಗ್ಗೆ ಎರಡೂ ಡಿಸ್‌ಪ್ಲೇ ಮತ್ತೆ ಟೆಂಪೋಗೆ ಕಟ್ಟಿ ಕಾಕಾನ ಜೊತೆ ನಾನೂ ಗಂಜಿಗೆ ಹೋದೆ.

ಅಲ್ಲಿ ಯಾವಾಗಲೂ ಇರುವ ಗದ್ದಲ. ಲಾರಿ ಹಾರನ್, ಕೈಗಾಡಿ, ಕೂಗಾಟ. ಬಾಗಿಲು ಕೆಳಗೆ ಬಿಟ್ಟು ಕಾಕಾ ರಿವರ್ಸ್ ಹಾಕುತ್ತಾರೆ. ಇಳಿದು ಬದಿಗೆ ನಿಂತಿದ್ದ ನಾನು ನೋಡುತ್ತೇನೆ, ಪಕ್ಕದ ಲಾರಿಯ ಚೀಲ ಹೊತ್ತು ಬಗ್ಗಿದ ಮಾಣಿಕಪ್ಪ ಮಾಮಾ ನಮ್ಮ ಟೆಂಪೋ ಹಿಂದೆ ದಾಟಲು ಬರುತ್ತಿದ್ದಾರೆ.

ನಾನು ಕೂಗಬೇಕು ಅನ್ನುವಷ್ಟರಲ್ಲಿ ಅವರು ಕತ್ತು ಸ್ವಲ್ಪ ಎತ್ತಿದರು. ಕೆಂಪು R ಕಂಡಿತು. ತಾವಾಗಿಯೇ ನಿಂತರು.

ಟೆಂಪೋ ಹಿಂದೆ ಬಂದು ಕಟ್ಟೆಗೆ ಹತ್ತಿ ನಿಂತಿತು. ಅವರು ಚೀಲ ಸರಿಮಾಡಿಕೊಂಡು ಸುತ್ತುಹಾಕಿ ಹೋದರು. ನನ್ನ ಕಡೆ ನೋಡಲೂ ಇಲ್ಲ, ಕೆಲಸವಿತ್ತು.

ಈಗ ನೀವೇ ಹೇಳಿ... ಗಾಡಿ ಹಿಂದಕ್ಕೆ ಬರುತ್ತಿದೆ ಅಂತ ಮೊದಲು ಯಾರಿಗೆ ಗೊತ್ತಾಗಬೇಕು, ಒಳಗೆ ಕೂತವರಿಗೋ, ಹಿಂದೆ ನಿಂತವರಿಗೋ?