ಬಿಳಿಮಣ್ಣಿನ ದಾರಿಯಲ್ಲಿ ಕೇಳಿದ ಕನ್ನಡ

ದೆವ್ವ, ಭೂತ, ಕನಸಿನಲ್ಲಿ ಯಾರೋ ಬಂದು ಹೇಳಿಹೋದರು ಎನ್ನುವಂಥ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವನು ನಾನು. ಹುಬ್ಬಳ್ಳಿಯಲ್ಲಿ ನಮ್ಮ ಸೋದರತ್ತೆ ಇಂಥದ್ದೇನಾದರೂ ಹೇಳಿದರೆ ಅವರ ಮುಖಕ್ಕೇ ನಗುತ್ತಿದ್ದೆ. ಈಗ ನಂಬಿಕೆ ಬಂದಿದೆ ಎಂದೇನೂ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಓದಿದವರಿಗೆ ಏನಾದರೂ ಹೊಳೆದರೆ ನನಗಿಂತ ಪುಣ್ಯವಂತರು.

ನಾವಿರುವುದು ಕ್ರೈಸ್ಟ್‌ಚರ್ಚ್ ನಗರದ ಹಾರ್ನ್‌ಬಿ ಬಡಾವಣೆಯಲ್ಲಿ. ಒಂದು ದೊಡ್ಡ ಗೋದಾಮಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ನಾನು. ಮನೆಯಲ್ಲಿ ಹೆಂಡತಿ ರೇಖಾ, ಮತ್ತು ನನ್ನ ತಂಗಿ ಶೈಲಾ. ಶೈಲಾ ನರ್ಸು. ಗುಡ್ಡದಲ್ಲಿ ಸೈಕಲ್ ಹೊಡೆಯುವ ಹುಚ್ಚು ಮೊದಲು ಹತ್ತಿದ್ದು ಅವಳಿಗೆ, ಅವಳಿಂದ ನನಗೆ. ಇಲ್ಲಿಂದ ಉತ್ತರಕ್ಕೆ ಹೋದರೆ ಒಂದು ಹಳ್ಳಿ ಸಿಗುತ್ತದೆ. ಒಂದು ಪಬ್ಬು, ಹಾಲು ಬ್ರೆಡ್ಡು ಮಾರುವ ಒಂದು ಡೇರಿ, ಒಂದು ಶಾಲೆ, ಅಷ್ಟೇ. ಅದರ ಬೆನ್ನಿಗೆ ಸುಣ್ಣಕಲ್ಲಿನ ಗುಡ್ಡಗಳು. ಹುಲ್ಲು ಕಿತ್ತುಹೋದ ಕಡೆಯೆಲ್ಲ ಸೀಮೆಸುಣ್ಣದಂಥ ಬಿಳಿ ಮಣ್ಣು. ಗುಡ್ಡ ಹತ್ತಿ, ಕುರಿ ಮೇಯುವ ಬಯಲು ದಾಟಿ, ಕಾಡಿನೊಳಗೆ ಇಳಿಯುವ ಸೈಕಲ್ ದಾರಿಗಳನ್ನು ಹಳ್ಳಿಯವರೇ ಮಾಡಿಟ್ಟಿದ್ದಾರೆ.

ಶರತ್ಕಾಲದ ಒಂದು ರಜಾದಿನ ಶೈಲಾ ಒಬ್ಬಳೇ ಅಲ್ಲಿಗೆ ಹೋಗಿದ್ದಳು. ಕಾಡು ಶುರುವಾಗುವ ಇಳಿಜಾರಿನಲ್ಲಿ ಒಬ್ಬ ಹಿಂದಿನಿಂದ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ನುಗ್ಗಿ ಬಂದು ಅವಳ ಹ್ಯಾಂಡಲ್ಲಿಗೆ ತಾಗಿಸಿದ. ಅವಳು ಪಕ್ಕದ ಕೊರಕಲಿಗೆ ಉರುಳಿದಳು. ಅವನು ನಿಂತ, ಬಗ್ಗಿ ನೋಡಿದ. "ಯು ವಿಲ್ ಬಿ ರೈಟ್" ಎಂದ. ಇಲ್ಲಿನವರು ಎಲ್ಲದಕ್ಕೂ ಹೇಳುವ ಸಮಾಧಾನ ಅದು, ಏನೂ ಆಗಲ್ಲ ಬಿಡು ಎನ್ನುವ ಹಾಗೆ. ಅಷ್ಟು ಹೇಳಿ ಹೊರಟುಹೋದ. ಕುರಿ ಹುಡುಕುತ್ತ ಬಂದ ರೈತನ ನಾಯಿ ಅವಳನ್ನು ಕಂಡು ಬೊಗಳುವಾಗ ಸಂಜೆಯಾಗಿತ್ತು.

ಸೊಂಟದ ಮೂಳೆ ಚೂರಾಗಿತ್ತು. ಊರುಗೋಲಿಲ್ಲದೆ ನಡೆಯುವಂತಿರಲಿಲ್ಲ, ವಾರ್ಡಿನಲ್ಲಿ ನಿಂತು ಮಾಡುವ ಕೆಲಸ ಹೋಯಿತು. ಸೈಕಲ್ಲಿಗೆ ನಂಬರ್ ಪ್ಲೇಟಿಲ್ಲ, ನೋಡಿದವರಿಲ್ಲ. ಪೊಲೀಸರು ಕೈಚೆಲ್ಲಿದರು. ಅವಳಿಗೆ ನೆನಪಿದ್ದದ್ದು ಕೆಂಚು ಗಡ್ಡ, ಮತ್ತು ಎಡಹುಬ್ಬನ್ನು ಸೀಳಿದ ಒಂದು ಗಾಯದ ಕಲೆ.

ನಾನು ಪ್ರತಿ ಶನಿವಾರ ಆ ಗುಡ್ಡಕ್ಕೆ ಹೋಗತೊಡಗಿದೆ. ವ್ಯಾಯಾಮಕ್ಕೆ ಎಂದು ಹೇಳುತ್ತಿದ್ದೆ. ಎದುರು ಬಂದ ಪ್ರತಿ ಗಂಡಸಿನ ಹುಬ್ಬನ್ನು ನೋಡುತ್ತಿದ್ದೆ. "ಸಿಕ್ಕರ ಏನ್ ಮಾಡ್ತೀರಿ?" ಎಂದು ರೇಖಾ ಒಮ್ಮೆ ಕೇಳಿದಳು. ಉತ್ತರ ನನ್ನಲ್ಲಿತ್ತು. ಶೈಲಾ ಮಾತ್ರ, "ಬಿಡು ಅಣ್ಣಾ, ಆಗಿದ್ದು ಆತು. ಅಂವಂಗ ದೇವರು ಬುದ್ಧಿ ಕೊಡ್ಲಿ" ಎನ್ನುತ್ತಿದ್ದಳು. ಅವಳ ಆ ಸಮಾಧಾನ ನನ್ನ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯುತ್ತಿತ್ತು.

ವಸಂತ ಬಂತು. ಅದೂ ಒಂದು ಶನಿವಾರ. ಹಿಂದಿನ ದಿನವೆಲ್ಲ ಮಳೆ ಸುರಿದು ಬಿಳಿಮಣ್ಣು ಕಲಸಿಟ್ಟ ಹಿಟ್ಟಿನಂತಾಗಿತ್ತು. ಮಧ್ಯಾಹ್ನ ಊಟ ಮಾಡಿ ಹೊರಟವನು ಗುಡ್ಡ ಹತ್ತುವಾಗ ಮೋಡ ಕೆಳಗಿಳಿದು ಕೂತಿತ್ತು. ಬಯಲು ದಾಟಿದ ಮೇಲೆ ನನಗಿಂತ ಬಹಳ ಮುಂದೆ ಒಬ್ಬರು ಸೈಕಲ್ಲಿನಲ್ಲಿ ಕಾಡಿನೊಳಗೆ ಇಳಿಯುವುದು ಕಂಡಿತು. ಬಲ ಮೊಣಕೈ ಹೊರಕ್ಕೆ ಚಾಚಿಕೊಂಡಿತ್ತು. ಚಿಕ್ಕಂದಿನಲ್ಲಿ ಕೈ ಮುರಿದು ಸರಿಯಾಗಿ ಕೂಡದೆ ಶೈಲಾ ಹಾಗೆಯೇ ಹ್ಯಾಂಡಲ್ ಹಿಡಿಯುತ್ತಿದ್ದಳು. ಹೀಗೆ ಹಿಡಿಯುವವರು ಬೇರೆಯವರೂ ಇರಬಹುದು ಎಂದುಕೊಂಡು ಮುಂದೆ ಹೋದೆ.

ಕಾಡಿನ ಬಾಯಿಯಲ್ಲೇ ನರಳಾಟ ಕೇಳಿಸಿತು. ಸೈಕಲ್ ನಿಲ್ಲಿಸಿ ಕೊರಕಲಿಗೆ ಬಗ್ಗಿದೆ. ದಪ್ಪ ಟಯರಿನ ಎಲೆಕ್ಟ್ರಿಕ್ ಸೈಕಲ್ಲಿನ ಅಡಿಯಲ್ಲಿ ಒಬ್ಬ ಸಿಕ್ಕಿಬಿದ್ದಿದ್ದ. "ಮೇಟ್, ಹೆಲ್ಪ್ ಮಾಡು, ಕಾಲು ಹೋಯಿತು" ಎಂದು ಕೂಗಿದ. ಇಳಿದು ಹೋಗಿ ಸೈಕಲ್ಲನ್ನು ಎಳೆದು ಬದಿಗಿಟ್ಟೆ. ಆಮೇಲೆ ಮುಖ ನೋಡಿದೆ. ಕೆಂಚು ಗಡ್ಡ. ಎಡಹುಬ್ಬಿನಲ್ಲಿ ಸೀಳು.

ಎಷ್ಟು ದಿನದಿಂದ ಕಾದಿದ್ದೆ! ಅವನೋ, ಏನೂ ತಿಳಿಯದೆ ನನ್ನ ತೋಳು ಹಿಡಿದುಕೊಂಡು ಹೇಳುತ್ತಿದ್ದ: "ಒಬ್ಬಳು ಬಂದಳು. ನಿಮ್ಮವಳೇ, ಇಂಡಿಯನ್. ಹಿಂದಿನಿಂದ ಬಂದಳು, ನಾನು ತಿರುಗಿ ನೋಡಿದೆ, ಹಿಡಿತ ತಪ್ಪಿತು. ಮೇಲೆ ನಿಂತು ನೋಡಿದಳು. ಎಷ್ಟು ಬೇಡಿಕೊಂಡರೂ ಇಳಿಯಲಿಲ್ಲ. ಏನೋ ಹೇಳಿ ಹೋದಳು."

"ಏನು ಹೇಳಿದಳು?"

"ಇಂಗ್ಲಿಷಲ್ಲ. ಎರಡು ಸಲ ಹೇಳಿದಳು." ಅವನು ಕಣ್ಣು ಮುಚ್ಚಿ, ಮಗು ಪಾಠ ಒಪ್ಪಿಸುವಂತೆ, ಒಂದೊಂದೇ ಅಕ್ಷರ ಹುಡುಕುತ್ತ ಹೇಳಿದ. "ನಾ... ಹೊಂಟೆ. ನೀ... ಬಿದ್ದಿರು."

ನಾನು ಅವನ ಕೈ ಕೊಡವಿ ಹಿಂದೆ ಸರಿದೆ. ಹುಬ್ಬಳ್ಳಿಯಿಂದ ಇಷ್ಟು ದೂರದ ಕಾಡಿನಲ್ಲಿ, ಕನ್ನಡದ ಗಂಧವಿಲ್ಲದ ಬಾಯಲ್ಲಿ, ನಮ್ಮ ಮನೆಯ ಮಾತು.

"ಅಂದರೇನು? ನಿನಗೆ ಗೊತ್ತಾ?" ಎಂದ.

"ಇದೇ ಜಾಗದಲ್ಲಿ ಒಂದು ಹೆಣ್ಣನ್ನು ಬೀಳಿಸಿ ಹೋಗಿದ್ದೆಯಲ್ಲ, ನೆನಪಿದೆಯಾ?" ಎಂದು ಕೇಳಿದೆ. ಅವನ ಮುಖದ ರಕ್ತ ಇಳಿಯಿತು. "ಏನೂ ಆಗಿಲ್ಲ ಅಂದುಕೊಂಡೆ" ಎಂದ. ನಾನು ಮೇಲೆ ಹತ್ತಿದೆ. "ಹೋಗಬೇಡ, ದಯವಿಟ್ಟು ಹೋಗಬೇಡ" ಎಂದು ಹಿಂದಿನಿಂದ ಕಿರುಚುತ್ತಿದ್ದ. ಮತ್ತೆ ಬರುತ್ತೇನೆಂದು ಒಂದು ಮಾತು ಹೇಳಬಹುದಿತ್ತು. ಬೇಕೆಂದೇ ಹೇಳಲಿಲ್ಲ.

ಮೇಲೆ ಬಂದವನು ದಾರಿ ನೋಡಿದೆ. ಮಳೆಗೆ ನಯವಾಗಿದ್ದ ಬಿಳಿಮಣ್ಣಿನಲ್ಲಿ ಅವನ ದಪ್ಪ ಟಯರಿನ ಗೆರೆ ಒಂದು, ನನ್ನ ಟಯರಿನದು ಒಂದು. ಮೂರನೆಯದು ಇರಲಿಲ್ಲ. ಹಿಂದೆ ಮುಂದೆ ಓಡಾಡಿ ಹುಡುಕಿದೆ. ಹುಲ್ಲಿನ ಅಂಚನ್ನೂ ಬಿಡಲಿಲ್ಲ.

ಕಾಡಿನೊಳಗೆ ಫೋನಿಗೆ ಸಿಗ್ನಲ್ ಇಲ್ಲ. ಬಯಲಿನ ಗೇಟಿನ ಹತ್ತಿರ ಬಂದು, ಫೋನು ಕೈಯಲ್ಲಿ ಹಿಡಿದುಕೊಂಡು, ತಾಯಿಯ ಕೆಚ್ಚಲಿಗೆ ಗುದ್ದುತ್ತಿದ್ದ ಕುರಿಮರಿಗಳನ್ನು ನೋಡುತ್ತ ನಿಂತೆ. ಚಳಿ ಅವನ ಮೂಳೆಗೂ ಇಳಿಯಲಿ, ಪ್ರತಿ ಸದ್ದಿಗೂ ಯಾರೋ ಬಂದರೆಂದು ಅವನೂ ಕಿವಿ ನಿಮಿರಿಸಲಿ ಎಂದುಕೊಂಡೆ. ಹಾಗೆಂದುಕೊಳ್ಳುವುದು ಬಹಳ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಕೊನೆಗೆ ಆಂಬ್ಯುಲೆನ್ಸಿಗೆ ಕರೆ ಮಾಡಿದೆ. ಕರುಣೆಯಿಂದಲ್ಲ. ಸತ್ತವನನ್ನು ಕೋರ್ಟಿನಲ್ಲಿ ನಿಲ್ಲಿಸಲು ಆಗುವುದಿಲ್ಲ ಎಂದು ಹೊಳೆಯಿತು.

ಅವನನ್ನು ಎತ್ತಿಕೊಂಡು ಹೋಗುವವರೆಗೂ ಇದ್ದು ಮನೆಗೆ ಬಂದೆ. ದಾರಿಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ರೇಖಾ ಬಾಗಿಲಲ್ಲೇ ತಡೆದು ದನಿ ತಗ್ಗಿಸಿ ಹೇಳಿದಳು: "ಶೈಲಾ ಊಟ ಆದಾಗಿಂದ ಸೋಫಾದಾಗ ಮಲಗಿದ್ಲು. ಅಲುಗಾಡಿಸಿದರೂ ಏಳಲಿಲ್ಲ, ನಂಗ ಗಾಬರಿ ಆಗಿತ್ತು. ಈಗ ಎದ್ದಾಳ, ಮೈಯೆಲ್ಲಾ ಬೆವತೈತಿ."

ಶೈಲಾ ಕಂಬಳಿ ಹೊದ್ದು ಕೂತಿದ್ದಳು. ಕಣ್ಣು ಕೆಂಪಗಿದ್ದವು. ನನ್ನನ್ನು ನೋಡಿದವಳೇ ಕೇಳಿದಳು:

"ಯಾಕ ಫೋನ್ ಮಾಡಿದಿ ಅಣ್ಣಾ?"

"ಯಾರಿಗೆ?"

"ಇನ್ನೊಂಚೂರು ಹೊತ್ತು ಬಿದ್ದಿರ್ತಿದ್ದ."

ಸಿಟ್ಟಿನ ದನಿಯಾಗಿರಲಿಲ್ಲ. ಮರುಕ್ಷಣ ರೇಖಾಳ ಕಡೆ ತಿರುಗಿ, "ವೈನಿ, ಒಂದ್ ಸ್ವಲ್ಪ ಚಹಾ ಕೊಡ್ರಿ" ಎಂದಳು. ರೇಖಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ತಲೆಬುಡ ತಿಳಿದಿರಲಿಲ್ಲ. ಮರುದಿನ ಬೆಳಿಗ್ಗೆ ನಡೆದದ್ದನ್ನು ಹೇಳಿದಾಗ ಶೈಲಾ ಬಾಯಿ ತೆರೆದು ಕೇಳಿದಳು. ತಾನು ಸಂಜೆ ಹಾಗೆ ಅಂದದ್ದೇ ನೆನಪಿಲ್ಲ ಎಂದಳು. "ಖರೇನ ನಾ ಹಂಗಂದ್ನ್ಯಾ?" ಎಂದು ರೇಖಾಳನ್ನು ಮತ್ತೆ ಮತ್ತೆ ಕೇಳಿದಳು.

ಅವನು ಬದುಕಿದ. ಆಸ್ಪತ್ರೆಯಲ್ಲೇ ಪೊಲೀಸರನ್ನು ಕರೆಸಿ ಹಳೆಯದನ್ನೆಲ್ಲ ತಾನಾಗಿ ಒಪ್ಪಿಕೊಂಡ, ಶಿಕ್ಷೆಯೂ ಆಯಿತು. ತನ್ನನ್ನು ಬಿಟ್ಟುಹೋದವಳನ್ನು ಹುಡುಕಿ ಎಂದು ಹೇಳುತ್ತಲೇ ಇದ್ದನಂತೆ. ಪೊಲೀಸರು ಹಳ್ಳಿಯಲ್ಲಿ ವಿಚಾರಿಸಿದರು. ಆ ದಿನ ಅಂಥ ಹೆಣ್ಣುಮಗಳನ್ನು ಕಂಡವರಿಲ್ಲ. ಬಿದ್ದ ನೋವಿನಲ್ಲಿ ಏನೋ ಕಲ್ಪಿಸಿಕೊಂಡಿದ್ದಾನೆ ಎಂದು ಬರೆದುಕೊಂಡರು. ಶೈಲಾ ಬಿದ್ದ ದಿನ ಕನ್ನಡದಲ್ಲಿ ಕೂಗಿರಬಹುದು, ಅದು ಅವನ ತಲೆಯಲ್ಲಿ ಉಳಿದಿರಬಹುದು ಎಂದು ನಾನೂ ಲೆಕ್ಕ ಹಾಕಿ ನೋಡಿದೆ. ಆದರೆ ಕೊರಕಲಿನಲ್ಲಿ ಬಿದ್ದವಳು ಹೇಳುವ ಮಾತೇ ಅದು? ಫೋನಿನ ವಿಷಯ ಅವಳಿಗೆ ಹೇಗೆ ತಿಳಿಯಿತು? ಅಲ್ಲಿಗೆ ಬಂದು ನನ್ನ ಬುದ್ಧಿ ನಿಂತುಬಿಡುತ್ತದೆ.

ಶೈಲಾ ಈಗ ಆಸ್ಪತ್ರೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಸೇರಿದ್ದಾಳೆ. ಮೊದಲಿನಂತೆಯೇ ನಗುತ್ತಾಳೆ, ತಮಾಷೆ ಮಾಡುತ್ತಾಳೆ, ಯಾರ ಮೇಲೂ ಒಂದು ಕೆಟ್ಟ ಮಾತಾಡುವುದಿಲ್ಲ. ಆದರೆ ಕೆಲವೊಮ್ಮೆ ಊಟಕ್ಕೆ ಕೂತಾಗ ತಲೆಯೆತ್ತಿ ನನ್ನನ್ನೇ ನೋಡುತ್ತಿರುತ್ತಾಳೆ, ತನಗೇ ಗೊತ್ತಿಲ್ಲದಂತೆ. ಅವನ ಮೇಲಿನ ಸಿಟ್ಟು ಅವಳಿಗೆ ಅಂದೇ ತೀರಿರಬಹುದು. ಫೋನ್ ಮಾಡಿದ ನನ್ನ ಮೇಲಿನದು ತೀರಿದೆಯೋ ಇಲ್ಲವೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.