ಬಾಣಂತನ ಕದ್ದವಳು

ಹೋದ ತಿಂಗಳು ಅಮೆರಿಕದಲ್ಲಿ, ಓವರ್‌ಲೇಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಂಕಿಯ ಅಲಾರಂ ಹೊಡೆದುಕೊಂಡಿತು. ಎಲ್ಲರೂ ಲ್ಯಾಪ್‌ಟಾಪ್ ಎದೆಗವಚಿಕೊಂಡು ಇಳಿದು, ಪಾರ್ಕಿಂಗಿನಲ್ಲಿ ಜಿಟಿಜಿಟಿ ಮಳೆಯಲ್ಲಿ ನಿಂತೆವು. ನೋಡಿದರೆ ಬೆಂಕಿಯೂ ಇಲ್ಲ, ಏನೂ ಇಲ್ಲ. ಎರಡನೇ ಮಹಡಿಯ ತೆಲುಗು ಹುಡುಗಿಯ ತಾಯಿ ಹಸುಗೂಸಿಗೆ ನೀರೆರೆದು ಸಾಂಬ್ರಾಣಿ ಹೊಗೆ ಹಿಡಿದಿದ್ದರಂತೆ. ಉಳಿದವರು ಮೂಗು ಮುಚ್ಚಿಕೊಂಡು ಒಳಗೆ ಹೋದರು. ನಾನು ಕಾರಿಡಾರಿನಲ್ಲೇ ನಿಂತು ಆ ವಾಸನೆಯನ್ನು ಉದ್ದಕ್ಕೆ ಎಳೆದುಕೊಂಡೆ. ಎಳೆದುಕೊಂಡ ಮರುಕ್ಷಣ ಸಿಟ್ಟು ನೆತ್ತಿಗೇರಿತು. ಆಕೆ ನೆನಪಾದಳು...

ಬರ್ಲಿನ್ನಿನಲ್ಲಿ ನನ್ನ ಮಗಳು ಇದ್ದ ಮನೆಯ ಮೇಲಿನ ಮನೆಯಾಕೆ. ಹೆಸರು ಬರೆಯುವುದಿಲ್ಲ. ಅಷ್ಟು ಮರ್ಯಾದೆ ನನ್ನಿಂದ ಆಕೆಗೆ ಸಿಗುವುದಿಲ್ಲ.

ಮಗಳೂ ಅಳಿಯನೂ ಬರ್ಲಿನ್ನಿಗೆ ಹೋದ ಎರಡನೇ ವರ್ಷ ಮಗಳು ಬಸುರಾದಳು. ನಾನು ಮೈಸೂರಿನಲ್ಲಿ ಕೂತು ಬಾಣಂತನಕ್ಕೆ ಸಿದ್ಧವಾದೆ. ಮೆಂತ್ಯದ ಹಿಟ್ಟು, ಲೇಹ್ಯ, ಬಜೆ, ನನ್ನ ಹಳೆಯ ನೂಲಿನ ಸೀರೆ ಹರಿದು ಹೊಲಿದ ಮಗುವಿನ ಬಟ್ಟೆ, ಎಲ್ಲ ಸೂಟ್‌ಕೇಸಿಗೆ ಹೋಯಿತು. ವೀಸಾ ಮಾತ್ರ ಬರಲಿಲ್ಲ. ನಾನು ವಾಪಸ್ ಬರುತ್ತೇನೆಂದು ಅವರಿಗೆ ನಂಬಿಕೆ ಇಲ್ಲವಂತೆ. ಆ ಚಳಿಯಲ್ಲಿ ಉಳಿದುಕೊಳ್ಳಲು ನನಗೇನು ತಲೆ ಕೆಟ್ಟಿತ್ತೇ? ಇನ್ನೊಮ್ಮೆ ಅರ್ಜಿ ಹಾಕಿ, ಕಾದು, ನಾನು ಹೋಗಿ ಇಳಿಯುವಷ್ಟರಲ್ಲಿ ಮಗುವಿಗೆ ಕತ್ತು ನಿಂತು, ಮಗ್ಗುಲಾಗಲು ನೋಡುತ್ತಿತ್ತು.

ತಾಯಿಯಿಲ್ಲದೆ ಮಗಳು ಸೊರಗಿ ಕಡ್ಡಿಯಾಗಿರುತ್ತಾಳೆ, ನನ್ನನ್ನು ನೋಡಿದ ಕೂಡಲೇ ತಬ್ಬಿಕೊಂಡು ಅಳುತ್ತಾಳೆ ಎಂದುಕೊಂಡು ಹೋಗಿದ್ದೆ. ಬಾಗಿಲು ತೆಗೆದವಳ ಕೆನ್ನೆ ತುಂಬಿತ್ತು. ತಲೆಗೆ ಎಣ್ಣೆ, ಕಿವಿಗೆ ಬಿಗಿಯಾಗಿ ಸ್ಕಾರ್ಫು, ಎಲ್ಲ ಅಚ್ಚುಕಟ್ಟು. ತುಟಿಯ ಮೇಲೆ ಬೆರಳಿಟ್ಟು ಹೇಳಿದಳು, "ಸಾವಕಾಶ ಅಮ್ಮಾ, ಕೂಸು ಮಲಗೇತಿ."

ಯಾರ ಮಾತು ಇದು? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಲ್ಲಿ ಯಾರು ಕೂತಿದ್ದಾರೆ?

ಸಂಜೆ ಆಕೆಯೇ ಇಳಿದು ಬಂದಳು, ಕೈಯಲ್ಲಿ ಅಂಟಿನ ಉಂಡೆಯ ಡಬ್ಬಿ. ಹುಬ್ಬಳ್ಳಿಯ ಕಡೆಯವಳು. ಮದುವೆಯಾಗಿ ಆ ಊರಿಗೆ ಹೋಗಿ, ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ದುಡಿದು, ಅಲ್ಲೇ ಮುದುಕಿಯಾದವಳು. ಗಂಡ ತೀರಿಕೊಂಡಿದ್ದ. ಇಬ್ಬರು ಗಂಡುಮಕ್ಕಳು ಬೇರೆ ಮನೆ ಮಾಡಿದ್ದರು. ಇಬ್ಬರಿಗೂ ಕನ್ನಡ ಬಾರದು. ಹೆಣ್ಣುಮಕ್ಕಳಿರಲಿಲ್ಲ. ಆದ್ದರಿಂದ ನನ್ನ ಮಗಳನ್ನು ಲಪಟಾಯಿಸಿದಳು. ಬಾಣಂತನವೆಲ್ಲ ಮಾಡಿ ಮುಗಿಸಿ, ಈಗ ನನ್ನನ್ನು ನೆಂಟರಂತೆ ಸೋಫಾದ ಮೇಲೆ ಕೂರಿಸಿ, "ಬರ್ರಿ ಅಕ್ಕಾರ, ಚಾ ಮಾಡ್ಲ್ಯಾ?" ಎಂದು ಕೇಳಿದಳು. ನನ್ನ ಮಗಳ ಮನೆಯಲ್ಲಿ! ಅದೂ ನನಗಿಂತ ದೊಡ್ಡವಳು, ನನ್ನನ್ನು ಅಕ್ಕಾರ ಎನ್ನುವುದು ಬೇರೆ.

ನನಗೆ ಸಿಕ್ಕಿದ್ದು ಮೂರು ತಿಂಗಳ ವೀಸಾ. ಅಷ್ಟರೊಳಗೆ ಮಗಳನ್ನು ವಾಪಸ್ ಗೆದ್ದುಕೊಳ್ಳಬೇಕಿತ್ತು.

ಊರೂ ಆಕೆಯ ಪಾರ್ಟಿಯೇ. ನೀರು ಗಡ್ಡೆ ಕಟ್ಟುವ ಚಳಿಯಲ್ಲಿ ಗಾಳಿಯಾಡಲಿ ಎಂದು ಕಿಟಕಿ ತೆಗೆದಿಡುವ ಜನ. ಭಾನುವಾರ ಒಂದು ಕೊತ್ತಂಬರಿ ಸೊಪ್ಪು ಸಿಗುವುದಿಲ್ಲ, ಮಿಕ್ಸಿ ಹಾಕುವ ಹಾಗಿಲ್ಲ. ಅಂಗಡಿಯ ಹುಡುಗಿ ನಾನು ಚೀಲ ಬಿಚ್ಚುವ ಮೊದಲೇ ಸಾಮಾನೆಲ್ಲ ನನ್ನತ್ತ ದಬ್ಬಿ, ಹಿಂದಿನವರ ಕಡೆ ತಿರುಗುತ್ತಿದ್ದಳು. ಕೆಳಗಿನ ಮನೆಯ ಮುದುಕ ನಾನು ಚಟ್ನಿ ರುಬ್ಬಿದರೆ ಪೊರಕೆಯ ಕೋಲಿನಿಂದ ತನ್ನ ಸೂರಿಗೆ ಕುಟ್ಟುತ್ತಿದ್ದ. ಆಕೆ ಮೆಟ್ಟಿಲ ಮೇಲೆ ನಿಂತು ಜರ್ಮನ್ನಿನಲ್ಲಿ ಏನೋ ಗದರಿದರೆ, ಅದೇ ಮುದುಕ ತೆಪ್ಪಗೆ ಒಳಗೆ ಹೋಗುತ್ತಿದ್ದ. ನನ್ನ ಪರವಾಗಿಯೇ ಗದರಿದ್ದು, ನಿಜ. ಕೇಳಿದವರು ಯಾರು?

ಯುದ್ಧ ನಡೆದದ್ದು ಬಚ್ಚಲಿನಲ್ಲಿ. ಆಕೆ ಟಬ್ಬಿನೊಳಗೆ ಮಣೆ ಹಾಕಿಕೊಂಡು, ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ ನೀರೆರೆದರೆ ಅದು ಕಣ್ಣು ಮುಚ್ಚಿ ಸುಖಪಡುತ್ತಿತ್ತು. ನನ್ನ ಕಾಲಿಗೆ ಬಂದರೆ ಕಟ್ಟಡವೇ ಹಾರುವಂತೆ ಕಿರುಚುತ್ತಿತ್ತು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಆಕೆ ತಿಂಡಿಯಾದ ಮೇಲೆ ಬರುತ್ತಿದ್ದಳು; ನಾನು ತಿಂಡಿಗೆ ಮೊದಲೇ ಎರೆದುಬಿಟ್ಟೆ. ಮಾರನೇ ದಿನ ಆಕೆ ನೈಟಿಯ ಮೇಲೆ ಕೋಟು ಹಾಕಿಕೊಂಡು ಕಾಫಿಯ ಹೊತ್ತಿಗೇ ಹಾಜರು. ನಾನು ಬೆಳಕು ಹರಿಯುವ ಮೊದಲೇ ಗೀಸರ್ ಹಾಕಿದೆ. ಆಕೆ ಬಿಟ್ಟಾಳೆಯೇ? ನಾನು ಎರೆದ ಮಗುವಿಗೆ ಬಂದು ಇನ್ನೊಮ್ಮೆ ಎಣ್ಣೆ ಹಚ್ಚಿದಳು.

"ನಿಮ್ಮ ಮೈಸೂರ ಕಡೆ ಕೂಸಿಗೆ ಎಣ್ಣಿ ಹಚ್ತೀರೋ, ಬರೇ ತೋರಸ್ತೀರೋ ಅಕ್ಕಾರ?"

"ಹಚ್ತೀವಿ ಕಣ್ರೀ. ನಿಮ್ಮ ಥರ ಎಣ್ಣೇಲಿ ಕರಿಯಲ್ಲ."

ಕೊನೆಗೆ ಮಗಳೇ ಕೂಗಾಡಿದಳು. "ನನ್ನ ಮಗು ಏನು ಸ್ಟೀಲ್ ಪಾತ್ರೆನಾ, ಹೊತ್ತೊತ್ತಿಗೆ ತೊಳೆಯೋಕೆ? ನಾಳೆಯಿಂದ ನಾನೇ ಎರೀತೀನಿ. ಇಬ್ಬರೂ ಹೊರಗೆ ಕೂತ್ಕೊಳಿ!"

ಕೂತೆವು. ಬಚ್ಚಲ ಬಾಗಿಲಿನ ಮುಂದೆ, ಆ ಇಕ್ಕಟ್ಟು ಪ್ಯಾಸೇಜಿನಲ್ಲಿ, ಅಕ್ಕಪಕ್ಕ ಎರಡು ಕುರ್ಚಿ ಹಾಕಿಕೊಂಡು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಳಗೆ ನೀರಿನ ಸದ್ದು, ಮಗುವಿನ ಕುಂಯ್ ಕುಂಯ್... ಇದ್ದಕ್ಕಿದ್ದಂತೆ ಅದು ಕೆಮ್ಮಿತು. ಮಗಳ ದನಿ ಗಾಬರಿಯಾಯಿತು.

"ಆಂಟೀ! ಬೇಗ ಬನ್ನಿ, ಮೂಗಿಗೆ ನೀರು ಹೋಯ್ತು!"

ಆಂಟಿ. ಅಮ್ಮ ಅಲ್ಲ.

ಆಕೆ ಅರ್ಧ ಎದ್ದಿದ್ದಳು. ಕೈ ಬಾಗಿಲ ಹಿಡಿಯ ಮೇಲಿತ್ತು. ನನ್ನತ್ತ ತಿರುಗಿ ನೋಡಿದಳು. ನನ್ನ ಮುಖ ಹೇಗಿತ್ತೋ ಏನೋ... ಹಿಡಿಯಿಂದ ಕೈ ತೆಗೆದು, ಮತ್ತೆ ಕುರ್ಚಿಯ ಮೇಲೆ ಕೂತಳು. "ಲಗೂ ಹೋಗ್ರಿ ಅಕ್ಕಾರ, ನಿಮ್ಮ ಮಗಳು ಕರಿಯಾಕತ್ತಾಳ," ಎಂದಳು.

ನಾನು ಹೋದೆ. ಮಗುವನ್ನು ಬೋರಲು ಮಾಡಿ ಬೆನ್ನು ತಟ್ಟಿದೆ. ನೀರು ಬಂತು, ಮಗು ಅತ್ತಿತು, ಎಲ್ಲ ಸರಿಹೋಯಿತು. ನನ್ನನ್ನು ಕರೆಯಲಿಲ್ಲವೆಂಬುದು ಮಗಳಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ನಮ್ಮಿಬ್ಬರಿಗೆ ಮಾತ್ರ. ಆಕೆ ನುಗ್ಗಿ ಒಳಗೆ ಹೋಗಿದ್ದರೆ ಜಗಳವಾಡಿ ಎಂದೋ ಮರೆತುಬಿಡುತ್ತಿದ್ದೆ. ಬಿಟ್ಟುಕೊಟ್ಟಳು ನೋಡಿ, ಭಿಕ್ಷೆ ಹಾಕಿದ ಹಾಗೆ, ನನ್ನ ಮಗಳನ್ನೇ ನನಗೆ! ಅದನ್ನು ನಾನು ಕ್ಷಮಿಸಿಲ್ಲ.

ಹೊರಡುವ ದಿನ ಅಂಟಿನ ಉಂಡೆ ಕಟ್ಟಿಕೊಟ್ಟಳು. ವಿಮಾನದಲ್ಲೇ ಮುಗಿಸಿದೆ. ಹೇಗಿತ್ತೆಂದು ಯಾರಿಗೂ ಹೇಳಲಿಲ್ಲ.

ಆಮೇಲೆ ಅಳಿಯನ ಕೆಲಸ ಅಮೆರಿಕಕ್ಕೆ, ಈ ರೆಡ್ಮಂಡಿಗೆ ಬಂತು, ಸಂಸಾರವೂ ಬಂತು, ಹಿಂದೆಯೇ ನಾನೂ ಬಂದೆ. ಆ ಮಗು ಈಗ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ. ಮಗಳು ಮಾತ್ರ ಭಾನುವಾರ ಬೆಳಿಗ್ಗೆ ಬರ್ಲಿನ್ನಿಗೆ ಕಾಲ್ ಮಾಡಿ, "ಹೌದ್ರಿ ಆಂಟಿ, ಇಲ್ರಿ ಆಂಟಿ," ಎಂದು ಬಾಗಿಲು ಹಾಕಿಕೊಂಡು ನಗುತ್ತಾಳೆ. ನನ್ನ ಜೊತೆ ಮಾತಾಡುವಾಗ ಔಷಧಿ ತಗೊಂಡ್ಯಾ ಎನ್ನುವುದು ಬಿಟ್ಟರೆ ಬೇರೇನಿಲ್ಲ.

ಇಲ್ಲಿಯವರೆಗಿನದನ್ನು ನಾನು ಬರೆದದ್ದು ಆಕೆ ಓದಲಿ ಎಂದೇ. ಮೊಮ್ಮಗಳು ಫೋನಿನಲ್ಲಿ ಕನ್ನಡ ಅಕ್ಷರದ ಕೀಬೋರ್ಡ್ ಹಾಕಿಕೊಟ್ಟಿದ್ದಾಳೆ. ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಬೇಕು, ಒಂದು ವಾಕ್ಯಕ್ಕೆ ಕತ್ತು ನೋಯುತ್ತದೆ. ಆದರೂ ಪೂರ್ತಿ ಮಾಡಿ, ಆಕೆಗೇ ಕಳಿಸಿ, ಕೆರಳಿಸಿ, ಏನು ಉತ್ತರ ಬರುತ್ತದೆ ನೋಡೋಣ ಎಂದಿದ್ದೆ. ಉತ್ತರ ಕೊಡದೆ ಬಿಡುವವಳಲ್ಲ ಆಕೆ.

ಮೊನ್ನೆ ಬೆಳಿಗ್ಗೆ ಆಕೆಯ ದೊಡ್ಡ ಮಗ ಫೋನ್ ಮಾಡಿದ. ನಿದ್ದೆಯಲ್ಲೇ ಹೋದಳಂತೆ.

ಬರೆದದ್ದನ್ನು ಮತ್ತೆ ಓದಿದೆ. ಒಂದಕ್ಷರವನ್ನೂ ಅಳಿಸಿಲ್ಲ. ಎದುರಿಗೆ ನಿಲ್ಲುವವಳು ಎದ್ದು ಹೋದ ಮೇಲೆ ಇದನ್ನು ಯಾರಿಗೆ ಕಳಿಸಲಿ? ಇನ್ನು ಯಾರೊಡನೆ ಜಗಳವಾಡಲಿ...

ಸುದ್ದಿ ಬಂದ ದಿನ ಮಗಳು ಆಫೀಸಿಗೆ ರಜೆ ಹಾಕಿ, ಟವೆಲ್ ತೆಗೆದುಕೊಂಡು ತಲೆಗೆ ಸ್ನಾನ ಮಾಡಲು ಹೊರಟಳು. "ನಮಗೆ ಸೂತಕ ಬರಲ್ಲ ಕಣೇ. ಅವರೇನು ನಮ್ಮ ಸಂಬಂಧವಾ?" ಎಂದೆ. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ತುಂಬ ಹೊತ್ತು ಸುರಿಯಿತು. ಆಚೆ ಬಂದವಳು ಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತ ನನ್ನ ಮುಂದೆ ಕಾರ್ಪೆಟ್ಟಿನ ಮೇಲೆ ಕೂತಳು. ನಾನು ಟವೆಲ್ ತೆಗೆದುಕೊಂಡೆ.

"ಆಂಟಿ ಇನ್ನೂ ಮೆತ್ತಗೆ ಒರೆಸ್ತಿದ್ರು," ಎಂದಳು.

"ಒರೆಸ್ತಿದ್ರು," ಎಂದೆ. ಇನ್ನಷ್ಟು ಗಟ್ಟಿಯಾಗಿ ಒರೆಸಿದೆ.